ಕೂಗಿದವರ ಕಲ್ಲು

ಕಂಡಕ್ಟರನ ಗಂಟಲೆಂದರೆ ಸಾಮಾನ್ಯ ಗಂಟಲಲ್ಲ. ಪೇಟೆಯ ಬಸ್ ನಿಲ್ದಾಣದಲ್ಲಿ ಅವನು ಒಮ್ಮೆ ಬಾಯಿ ಬಿಟ್ಟನೆಂದರೆ, ಚಹಾದಂಗಡಿಯಲ್ಲಿ ಕೂತವರು ಅರ್ಧ ಲೋಟ ಅಲ್ಲೇ ಬಿಟ್ಟು ಓಡಿ ಬರುತ್ತಿದ್ದರು. ಇವನೊಬ್ಬನಿದ್ದರೆ ಬಸ್ಸಿಗೆ ಹಾರ್ನ್ ದಂಡ ಎಂದು ಡ್ರೈವರ್ ಹಂಗಿಸುತ್ತಿದ್ದ. ಮಾರ್ಕೆಟ್, ಪೋಸ್ಟಾಫೀಸು, ಆಸ್ಪತ್ರೆ ಎಂದು ಒಂದೇ ಉಸಿರಿನಲ್ಲಿ ಕೂಗಿ, ಆ ಉಸಿರಿನಲ್ಲೇ ಬಾಗಿಲಲ್ಲಿ ನೇತಾಡುವವರನ್ನು ಬೈದು, ಇನ್ನೂ ಸ್ವಲ್ಪ ಉಸಿರು ಉಳಿಸಿಕೊಳ್ಳುವ ಗಂಡು ಅವನು. ಹೆಂಡತಿಯನ್ನು ಗೆದ್ದದ್ದು ಮಾತ್ರ ಆ ಗಂಟಲನ್ನು ತಗ್ಗಿಸಿ. ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕಿದ್ದ ಅವಳು ದಿನಾ ಬೆಳಗ್ಗೆ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗುತ್ತಿದ್ದಳು. ಅವಳು ಇಳಿಯುವ ಜಾಗ ಬಂದಾಗ ಅವನು ಹತ್ತಿರ ಬಾಗಿ, "ಆಸ್ಪತ್ರೆ ಬಂತು ಕಣ್ರೀ" ಎಂದು ಮೆಲ್ಲಗೆ ಹೇಳುತ್ತಿದ್ದ. ಊರಿಗೆಲ್ಲ ಕಿರುಚುವವನು ತನ್ನೊಬ್ಬಳಿಗೆ ಹೀಗೆ ಹೇಳುತ್ತಾನಲ್ಲ ಎಂದು ಅವಳು ಕರಗಿ ಹೋದಳು.

ಇಂಥವನು ಬೇಕೆಂದೇ ಬಾಯಿ ಮುಚ್ಚಿಕೊಂಡದ್ದು ಜೀವಮಾನದಲ್ಲಿ ಒಂದೇ ಸಲ. ಆ ಒಂದು ಸಲಕ್ಕೆ ಒಬ್ಬ ಮನುಷ್ಯ ಸತ್ತ.

ಅವಳ ತವರು ಗುಡ್ಡದ ನೆತ್ತಿಯಲ್ಲಿತ್ತು. ಮದುವೆಗೆಂದು ಪೇಟೆಗೆ ಇಳಿದು ಬಂದಿದ್ದ ಅವಳ ದೊಡ್ಡಣ್ಣ, ಸೆಕೆಗೆ ಒಂದು ರಾತ್ರಿಯೂ ಕಣ್ಣು ಮುಚ್ಚಲಾರದೆ, ವರ್ಷ ತುಂಬುವುದರೊಳಗೆ ತಂಗಿಯನ್ನು ಕರೆದುಕೊಂಡು ಬರಬೇಕೆಂದು ಕಂಡಕ್ಟರನಿಂದ ಮಾತು ತೆಗೆದುಕೊಂಡು ಹೊರಟುಹೋಗಿದ್ದ. ಆ ಮಾತಿನ ಪ್ರಕಾರ ಗಂಡ ಹೆಂಡತಿ ಹೊರಟರು. ರಸ್ತೆ ಮುಗಿದಲ್ಲಿ ಬಸ್ಸು ನಿಂತಿತು. ಅಲ್ಲಿಂದ ಕಾಲೇ ಗತಿ. ಕಂಡಕ್ಟರ್ ಹೊಸ ಬೂಟು ಹಾಕಿಕೊಂಡಿದ್ದ. ಅತ್ತೆಮನೆಗೆ ಹೊಸ ಬೂಟು ಹಾಕದೆ ಹೋಗುವುದು ಹೇಗೆ?

ಆ ಗುಡ್ಡಕ್ಕೆ ಮಣ್ಣು ಕಡಿಮೆ, ಸಡಿಲ ಕಲ್ಲು ಹೆಚ್ಚು. ಮೇಕೆ ಕಾಲಿಟ್ಟರೆ ಕಲ್ಲು ಉರುಳುತ್ತದೆ, ಗಾಳಿ ಜೋರಾದರೆ ಉರುಳುತ್ತದೆ. ಮನೆಗಳೆಲ್ಲ ಒಂದರ ಮೇಲೊಂದು. ಕೆಳಗಿನ ಮನೆಯ ಸೂರು ಇರುವ ಮಟ್ಟದಲ್ಲಿ ಮೇಲಿನ ಮನೆಯ ಅಂಗಳ. ಪ್ರತಿ ಮನೆಗೂ ಗುಡ್ಡದ ಕಡೆಗೆ ಎದೆಯೆತ್ತರದ ದಪ್ಪ ಗೋಡೆ. ಹತ್ತುವಾಗ ಹೆಂಡತಿ ಅವನಿಗೆ ಊರಿನ ಒಂದೇ ಒಂದು ಕಟ್ಟಳೆಯನ್ನು ಹೇಳಿಕೊಟ್ಟಳು. ಕಾಲಿನಿಂದ ಕಲ್ಲು ಜಾರಿತೋ, "ಕಲ್ಲೋ ಕಲ್ಲು" ಎಂದು ಕೂಗಬೇಕು. ಕೂಗು ಕೇಳಿದವರು ಯಾರು ಏನು ಎಂದು ನೋಡುತ್ತಾ ನಿಲ್ಲುವುದಿಲ್ಲ, ಕೈಯಲ್ಲಿದ್ದದ್ದನ್ನು ಬಿಟ್ಟು ಹತ್ತಿರದ ಗೋಡೆಗೆ ಅಂಟಿಕೊಳ್ಳುತ್ತಾರೆ. ಅಲ್ಲಿಯ ಮಕ್ಕಳು ಅಮ್ಮ ಎನ್ನುವುದಕ್ಕೆ ಮೊದಲೇ ಈ ಕೂಗು ಕಲಿಯುತ್ತವೆ.

"ಕೂಗಿದವರದ್ದು ಕಲ್ಲು," ಎಂದಳು ಅವಳು. "ಮೇಕೆ ಸತ್ರೆ ಮೇಕೆ ಕೊಡ್ಬೇಕು, ಗೋಡೆ ಬಿದ್ರೆ ಗೋಡೆ ಕಟ್ಕೊಡ್ಬೇಕು. ಜಗಳ ಇಲ್ಲ, ಬೈಗಳ ಇಲ್ಲ."

"ಕೂಗದೆ ಇದ್ರೆ?"

"ಕೂಗದೆ ಇದ್ರೆ ಅದು ಉರುಳಿದ ಕಲ್ಲಲ್ಲ ರೀ, ಎಸೆದ ಕಲ್ಲು."

ಕಂಡಕ್ಟರನಿಗೆ ಇದು ತಮಾಷೆಯಾಗಿ ಕಂಡಿತು. ಕೂಗುವುದನ್ನು ತನಗೆ ಹೇಳಿಕೊಡುತ್ತಾಳಲ್ಲ ಈ ಪುಣ್ಯಾತ್ಗಿತ್ತಿ ಎಂದುಕೊಂಡ. ಊರನ್ನು ಹೊರಗಿನಿಂದ ಬಳಸಿ ಹತ್ತುವ ದಾರಿ ಮೇಲ್ಭಾಗದ ತಿರುವು ಮುಟ್ಟಿದಾಗ ಕೆಳಗೆ ಮನೆಗಳು, ಅಂಗಳಗಳು, ಕೆಲಸದಲ್ಲಿದ್ದ ಜನ ಎಲ್ಲ ಕಾಣಿಸಿದರು. ಅಳಿಯ ಬಂದಿದ್ದಾನೆಂದು ಊರಿಗೆ ಗೊತ್ತಾಗಲಿ ಎಂಬ ಹುಮ್ಮಸ್ಸಿನಲ್ಲಿ ಅವನು ಸೊಂಟಕ್ಕೆ ಕೈ ಕೊಟ್ಟು, ಹೆಂಡತಿ ಬೇಡ ಬೇಡ ಎನ್ನುವಷ್ಟರಲ್ಲಿ, ಬಸ್ ನಿಲ್ದಾಣದ ತನ್ನ ಪೂರ್ತಿ ದನಿಯಲ್ಲಿ ಕೂಗಿಬಿಟ್ಟ.

"ಕಲ್ಲೋ ಕಲ್ಲು!"

ಊರಿಗೆ ಊರೇ ಗೋಡೆಗೆ ಬಿತ್ತು. ಹಾಲಿನ ಪಾತ್ರೆ ಹಿಡಿದಿದ್ದವಳು ಪಾತ್ರೆ ಎಸೆದು ಮಗುವನ್ನು ಎದೆಗವುಚಿಕೊಂಡು ಬಿದ್ದಳು. ಏಣಿಯ ಮೇಲಿದ್ದ ಮುದುಕನೊಬ್ಬ ಅಲ್ಲಿಂದಲೇ ಧುಮುಕಿ ಮೊಣಕೈ ಮುರಿದುಕೊಂಡ. ಯಾವ ಕಲ್ಲೂ ಬರಲಿಲ್ಲ. ಒಂದೊಂದೇ ತಲೆ ಗೋಡೆಯಿಂದ ಮೇಲೆದ್ದು ಕಂಡಕ್ಟರನ ಕಡೆ ತಿರುಗಿತು. ಅವನು ಇನ್ನೂ ಹಲ್ಲು ಕಿರಿಯುತ್ತಲೇ ಇದ್ದ.

ದೊಡ್ಡಣ್ಣ ಮೇಲೆ ಹತ್ತಿ ಬಂದ. ಬಾಗಿಲು ತುಂಬುವಂಥ ಆಳು. ತಂಗಿಯ ತಲೆ ನೇವರಿಸಿದ, ಅವಳ ಗಂಟನ್ನು ಇಳಿಸಿ ಪಕ್ಕಕ್ಕಿಟ್ಟ. ಆಮೇಲೆ ಕೈಯಲ್ಲಿದ್ದ ಮೇಕೆ ಕಾಯುವ ಕೋಲಿನಿಂದ ಕಂಡಕ್ಟರನ ಮೊಣಕಾಲಿನ ಹಿಂದೆ ಬೀಸಿದ. ಕಂಡಕ್ಟರ್ ಕುಸಿದ. ಎರಡನೆಯ ಏಟು ಬೆನ್ನಿಗೆ, ಮೂರನೆಯದು ಪಕ್ಕೆಗೆ. ಎದ್ದು ಕೊರಳಪಟ್ಟಿಗೆ ಕೈ ಹಾಕಲು ಹೋದವನ ಬಾಯಿಗೆ ಕೋಲಿನ ಬುಡ ನೇರವಾಗಿ ಬಿತ್ತು. ಮುಂದಿನ ಹಲ್ಲೊಂದು ಕಿತ್ತು ನಾಲಗೆಯ ಮೇಲೆ ಬಂದು ಕೂತಿತು. ಊರಿನವರು ಸುತ್ತ ನಿಂತು ನೋಡಿದರು. ಬಿಡಿಸಲು ಒಬ್ಬರೂ ಬರಲಿಲ್ಲ, ಹೆಂಡತಿಯೂ ಬರಲಿಲ್ಲ. ಅವಳು ತಲೆ ತಗ್ಗಿಸಿ ನಿಂತಿದ್ದಳು. ಕಂಡಕ್ಟರ್ ರಕ್ತ ಮತ್ತು ಹಲ್ಲನ್ನು ಒಟ್ಟಿಗೆ ಉಗಿದ.

ದೊಡ್ಡಣ್ಣ ಕೋಲು ಕೆಳಗಿಟ್ಟು ಅವನನ್ನು ಎರಡೂ ಕೈಯಿಂದ ಎತ್ತಿ ನಿಲ್ಲಿಸಿದ. ಸುಳ್ಳು ಕೂಗಿಗೆ ಒಂದು ಹಲ್ಲು, ಅದು ಅಲ್ಲಿಯ ಲೆಕ್ಕ. ಇನ್ನೊಂದು ಸಲ ಜನ ನಿಜವಾದ ಕೂಗನ್ನೂ ತಮಾಷೆಯೆಂದು ನಿಂತುಬಿಟ್ಟರೆ ಸಾಯುತ್ತಾರೆ, ಅದಕ್ಕೆ.

"ಮುಗೀತು ಭಾವ. ನನ್ ಮನಸ್ಸಲ್ಲಿ ಏನೂ ಇಲ್ಲ," ಎಂದು ದೊಡ್ಡಣ್ಣ ತನ್ನ ಹೊದಿಕೆಯ ತುದಿಯಿಂದ ಅವನ ಬಾಯಿ ಒರೆಸಿದ. ಆಮೇಲೆ ಆ ಹೊದಿಕೆಯನ್ನೇ ತೆಗೆದು ಅವನಿಗೆ ಹೊದೆಸಿದ. ದಪ್ಪ ಕರಿಯ ಉಣ್ಣೆಯದು, ಮೇಕೆಯ ವಾಸನೆ.

ನಿಜಕ್ಕೂ ದೊಡ್ಡಣ್ಣನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಉಳಿದಷ್ಟು ದಿನ ಅವನೇ ಕಂಡಕ್ಟರನಿಗೆ ಬಿಸಿ ಹಾಲು ತಂದುಕೊಟ್ಟ, ಬಾಯಿಯ ಊತಕ್ಕೆ ಸೊಪ್ಪು ಅರೆದು ಕಟ್ಟಿದ. ಚಿಕ್ಕಂದಿನಲ್ಲಿ ತಂಗಿಗೆ ಜ್ವರ ಏರಿದಾಗ ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಇಳಿದು ಆಸ್ಪತ್ರೆ ಸೇರಿಸಿದ ಕಥೆಯನ್ನು ನಗುತ್ತಾ ಹೇಳಿದ. ಅಪ್ಪ ಸತ್ತ ಮೇಲೆ ಅವಳಿಗೆ ಅಪ್ಪನೂ ಅವನೇ ಎಂದು ಅತ್ತೆ ಕಣ್ಣು ಒರೆಸಿಕೊಂಡರು. ಕಿರಿಯ ಭಾವಮೈದುನ ಕಡಿಮೆ ಮಾತಿನವನು, ಅಣ್ಣ ಹೇಳಿದ್ದಕ್ಕೆಲ್ಲ ತಲೆಯಾಡಿಸುವವನು. ಅವನು ಕೂಡ ಕಂಡಕ್ಟರನ ಬೂಟಿಗೆ ಹಗ್ಗ ಸುತ್ತಿ ಜಾರದಂತೆ ಮಾಡಿಕೊಟ್ಟ.

ಆದರೆ ಕಂಡಕ್ಟರನ ಹೊಟ್ಟೆಯಲ್ಲಿ ಕಿಚ್ಚು ಆರಲಿಲ್ಲ. ಬಸ್ಸಿನಲ್ಲಿ ಯಾವನೂ ಅವನ ಮೇಲೆ ಕೈ ಎತ್ತಿದವನಲ್ಲ. ಇಲ್ಲಿ ಹೆಂಡತಿಯ ಎದುರು, ಮೇಕೆ ಹೊಡೆಯುವ ಕೋಲಿನಲ್ಲಿ, ಅಷ್ಟು ಜನ ನೋಡುತ್ತಿದ್ದಂತೆ! ಮಾತಾಡಿದರೆ ಮುಂದಿನ ಸಂದಿಯಿಂದ ಗಾಳಿ ನುಸುಳಿ ಸೀಟಿಯಂತೆ ಸದ್ದಾಗುತ್ತಿತ್ತು. ಮಕ್ಕಳು ಅದನ್ನು ಅಣಕಿಸಿ ನಗುತ್ತಿದ್ದವು. ಮಾರ್ಕೆಟ್ ಎಂದು ಒಬ್ಬನೇ ಕೂಗಿ ನೋಡಿಕೊಂಡ, ಅರ್ಧ ಗಾಳಿ. ಹೊಡೆದವನು ಮರೆತಿದ್ದ. ಹೊಡೆಸಿಕೊಂಡವನ ನಾಲಗೆ ದಿನಕ್ಕೆ ನೂರು ಸಲ ಆ ಸಂದಿಗೆ ಹೋಗಿ ಬರುತ್ತಿತ್ತು.

ಹೊರಡುವ ದಿನ ಬೆಳಗ್ಗೆ ದೊಡ್ಡಣ್ಣ ಮನೆಯಲ್ಲಿರಲಿಲ್ಲ. ಹೊರಗೆ ಹೋಗಿದ್ದಾನೆ, ದಾರಿಯಲ್ಲಿ ಸಿಗುತ್ತಾನೆ ಎಂದರು ಅತ್ತೆ. ಅವನ ಮುಖ ನೋಡದೆ ಹೊರಡಲು ಕಂಡಕ್ಟರನಿಗೆ ಅದೇ ಸಾಕಾಗಿತ್ತು. ದೊಡ್ಡಣ್ಣನ ಹೊದಿಕೆಯನ್ನು, ಅತ್ತೆ ಬಲವಂತ ಮಾಡಿದ್ದಕ್ಕೆ, ಹೊದ್ದುಕೊಂಡೇ ಹೊರಟ. ಹೆಂಡತಿ ಅಮ್ಮನ ಕೊರಳಿಗೆ ಬಿದ್ದು ಅಳುತ್ತಾ ಹಿಂದೆ ಉಳಿದಳು. ಅವನು ಮುಂದೆ ನಡೆದ.

ಎರಡನೆಯ ತಿರುವಿನಲ್ಲಿ ಅವನ ಬೂಟಿನ ಅಂಚು ಒಂದು ಕಲ್ಲಿಗೆ ತಾಗಿತು. ಕುರಿಮರಿಯಷ್ಟು ಗಾತ್ರದ ಕಲ್ಲು. ಅದು ಅಲುಗಿ, ಒಂದು ಸಲ ಹೊರಳಿ, ಅಂಚಿನಲ್ಲಿ ನಿಲ್ಲಲೋ ಬೇಡವೋ ಎಂಬಂತೆ ತಡವರಿಸಿ, ಕೆಳಕ್ಕೆ ಹೊರಟಿತು. ಕಂಡಕ್ಟರ್ ಕೆಳಗೆ ನೋಡಿದ. ಕೆಳಗಿನ ತಿರುವಿನಲ್ಲಿ, ಕಲ್ಲಿನ ದಾರಿಗೆ ನೇರವಾಗಿ, ಬೆನ್ನು ಬಾಗಿಸಿ ಏನೋ ಮಾಡುತ್ತಿದ್ದವನು ದೊಡ್ಡಣ್ಣ. ಆ ಬೆನ್ನಿನ ಅಗಲ ಕತ್ತಲಲ್ಲೂ ಗುರುತು ಸಿಗುವಂಥದ್ದು.

ಸಮಯವಿತ್ತು. ಮಾರ್ಕೆಟ್, ಪೋಸ್ಟಾಫೀಸು, ಆಸ್ಪತ್ರೆ ಎಂದು ಕೂಗಿ ಮುಗಿಸುವಷ್ಟು ಸಮಯವಿತ್ತು. ಕೂಗು ಗಂಟಲಿಗೆ ಬಂತು ಕೂಡ. ಆಗ ನಾಲಗೆ ಆ ಸಂದಿಗೆ ಹೋಯಿತು. ಕಂಡಕ್ಟರ್ ತುಟಿ ಪಿಟಕ್ಕೆನ್ನಲಿಲ್ಲ. ಕಣ್ಣನ್ನೂ ಮುಚ್ಚಲಿಲ್ಲ. ಆಗಲಿ ಎಂದುಕೊಂಡ. ಕಾಲಿಗೋ ಬೆನ್ನಿಗೋ ಬೀಳಲಿ, ಅವನಿಗೂ ಗೊತ್ತಾಗಲಿ ಎಂದುಕೊಂಡ.

ಹಿಂದಿನಿಂದ ಓಡಿ ಬಂದ ಹೆಂಡತಿ ಕಲ್ಲನ್ನು ಕಂಡಳು. "ಕಲ್ಲೋ ಕಲ್ಲು!" ಎಂದು ಅವಳು ಕೂಗುವ ಹೊತ್ತಿಗೆ ಗೋಡೆಗೆ ಅಂಟಿಕೊಳ್ಳುವ ಸಮಯ ಮುಗಿದಿತ್ತು. ದೊಡ್ಡಣ್ಣ ಅರ್ಧ ತಿರುಗಿದ. ಕಲ್ಲು ಅವನ ತಲೆಗೆ ಬಡಿದು, ಅವನನ್ನೂ ಎಳೆದುಕೊಂಡು, ಇನ್ನೊಂದು ತಿರುವಿನ ಗೋಡೆಗೆ ಹೋಗಿ ನಿಂತಿತು. ಇವರು ಇಳಿದು ಮುಟ್ಟುವಾಗ ಮುಖದ ಎಡಭಾಗ ಇರಲಿಲ್ಲ. ಉಳಿದ ಒಂದು ಕಣ್ಣು ತೆರೆದೇ ಇತ್ತು. ತಂಗಿ ಆ ತಲೆಯನ್ನು ಮಡಿಲಿಗೆಳೆದುಕೊಂಡು, ಆಸ್ಪತ್ರೆಯಲ್ಲಿ ಕಲಿತಿದ್ದ ಹಾಗೆ, ಸೆರಗಿನಿಂದ ರಕ್ತ ಒತ್ತಿ ಹಿಡಿದಳು. ಒತ್ತಿ ಹಿಡಿಯಲು ಅಲ್ಲಿ ಏನೂ ಉಳಿದಿರಲಿಲ್ಲ.

ಮೇಲೆ, ಅವನು ಬೆನ್ನು ಬಾಗಿಸಿದ್ದ ತಿರುವಿನಲ್ಲಿ, ಚಪ್ಪಟೆ ಕಲ್ಲುಗಳ ರಾಶಿಯಿತ್ತು. ಜಾರುವ ಇಳಿಜಾರಿನಲ್ಲಿ ಸಾಲಾಗಿ ಹೊಸ ಮೆಟ್ಟಿಲು ಕಟ್ಟಿ ಆಗಿತ್ತು, ಇನ್ನು ನಾಲ್ಕೈದು ಬಾಕಿ. ಪೇಟೆಯ ಭಾವನ ಬೂಟು ಅಲ್ಲಿ ಜಾರಬಾರದೆಂದು ದೊಡ್ಡಣ್ಣ ಬೆಳಕು ಹರಿಯುವ ಮುಂಚೆಯೇ ಬಂದು ಕೂತಿದ್ದ. ಕಂಡಕ್ಟರ್ ಮೆಟ್ಟಿಲು ನೋಡಿದ, ಹೆಣ ನೋಡಿದ.

ಊರಿನವರು ಇಳಿದು ಬರುವುದರೊಳಗೆ ಹೆಂಡತಿ ಅವನ ಕೈ ಹಿಡಿದಳು. ಅವಳ ಕೈಯೆಲ್ಲ ರಕ್ತ.

"ನೀವು ಬಾಯಿ ಬಿಡ್ಬೇಡಿ. ಹೆದರಿ ಕೂಗ್ಲಿಲ್ಲ ಅಂತ ನಂಗೆ ಗೊತ್ತು. ಕೂಗಿದ್ದಕ್ಕೆ ಹಲ್ಲು ಮುರಿದ್ರೆ ಯಾರಿಗೆ ತಾನೆ ಬಾಯಿ ಬರುತ್ತೆ. ಆದ್ರೆ ಇವರು ಕೇಳಲ್ಲ, ಕೊಂದೇ ಬಿಡ್ತಾರೆ. ಕೂಗಿದ್ದು ನಾನು, ಕಲ್ಲು ನಂದು. ತಡವಾಗಿ ಕೂಗಿದ್ರೆ ಕಾಲು ಕೇಳ್ತಾರೆ ಅಷ್ಟೇ. ಕಾಲು ತಾನೆ, ಹೋಗ್ಲಿ."

ಕಂಡಕ್ಟರ್ ಬಾಯಿ ಬಿಡಲಿಲ್ಲ. ನಾಚಿಕೆಗೆಟ್ಟ ಮಾತು ಹೇಳಬೇಕೆಂದರೆ, ಆ ಗಳಿಗೆಯಲ್ಲಿ ಅವನಿಗೆ ಜೀವ ಉಳಿಯಿತಲ್ಲ ಎಂಬ ನೆಮ್ಮದಿಯೇ ಆಯಿತು. ಕಾಲು ತಾನೆ ಎಂದು ಅವನೂ ಅಂದುಕೊಂಡ.

ಹೆಣವನ್ನು ಮನೆಯ ಮುಂದಿನ ಹಾಸುಬಂಡೆಯ ಪಕ್ಕ ಮಲಗಿಸಿದರು. ಕೊಂದ ಕಲ್ಲನ್ನೂ ಹೊತ್ತು ತಂದರು. ಅದಕ್ಕೆ ಕೂದಲು ಅಂಟಿಕೊಂಡಿತ್ತು. ಊರಿಗೆ ಹಿರಿಯನಾದ ತಾತ, ಮೊನ್ನೆ ಏಣಿಯಿಂದ ಧುಮುಕಿ ಮೊಣಕೈ ಮುರಿದುಕೊಂಡವನು, ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬಂದು ಕೂತ. ಯಾರ ಕಲ್ಲು ಎಂದು ಕೇಳಿದ. ತನ್ನದು ಎಂದಳು ಅವಳು. ಕೂಗು ಎಲ್ಲರೂ ಕೇಳಿದ್ದರು, ಅವಳದೇ ದನಿ. ತಡವಾಯಿತೇ ಎಂದು ಕೇಳಿದ. ತಡವಾಯಿತು ಎಂದಳು. ಅತ್ತೆ ಮಗನ ಪಾದ ಹಿಡಿದು ಕೂತಿದ್ದರು, ತಲೆ ಎತ್ತಲಿಲ್ಲ. ತಡವಾದ ಕೂಗಿಗೆ, ಕಲ್ಲು ಉರುಳಿಸಿದ ಕಾಲನ್ನು ಹಾಸುಬಂಡೆಯ ಮೇಲಿಟ್ಟು, ಅದೇ ಕಲ್ಲನ್ನು ಎದೆಯೆತ್ತರದಿಂದ ಒಮ್ಮೆ ಬಿಡಬೇಕು. ಬಿಡಬೇಕಾದವನು ಸತ್ತವನ ತಮ್ಮ.

ಅವಳು ಚಪ್ಪಲಿ ಕಳಚಿ ಬಲಗಾಲನ್ನು ಬಂಡೆಯ ಮೇಲಿಟ್ಟಳು. ಇಬ್ಬರು ಹೆಂಗಸರು ಅವಳ ಭುಜ ಹಿಡಿದರು. ಬಾಯಿಗೆ ಬಟ್ಟೆ ಕೊಟ್ಟರು, ಕಚ್ಚಿಕೊಂಡಳು. ಕಿರಿಯವನು ಕಲ್ಲನ್ನು ತಬ್ಬಿ ಎತ್ತಿದ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವಳು ಗಂಡನ ಕಡೆ ನೋಡಿದಳು. ಅವನಿಗೆ ಧೈರ್ಯ ಹೇಳುವವಳ ಹಾಗೆ, ಬಟ್ಟೆ ಕಚ್ಚಿದ ಬಾಯಿಂದಲೇ, ಏನಿಲ್ಲ ಎಂದು ತಲೆಯಾಡಿಸಿದಳು. ಕಂಡಕ್ಟರನಿಗೆ ಅದನ್ನು ತಾಳಲು ಆಗಲಿಲ್ಲ.

"ಕಲ್ಲೋ ಕಲ್ಲು!"

ಹಲ್ಲಿಲ್ಲದ ಸಂದಿಯಿಂದ ಸೀಟಿ ಹೊಡೆದರೂ ಆ ಗಂಟಲಿಗೆ ಬಲ ಕಡಿಮೆಯಾಗಿರಲಿಲ್ಲ. ನೆರೆದವರೆಲ್ಲ ಗೋಡೆಗೆ ಬಿದ್ದರು. ಭುಜ ಹಿಡಿದವರು ಅವಳನ್ನು ಎಳೆದುಕೊಂಡೇ ಬಿದ್ದರು. ಕಿರಿಯವನ ಕೈಯಿಂದ ಕಲ್ಲು ಜಾರಿ ಬರಿಯ ಬಂಡೆಗೆ ಬಡಿದು ಕಿಡಿ ಹಾರಿತು. ಮೇಲಿನಿಂದ ಏನೂ ಬರಲಿಲ್ಲ. ಕಂಡಕ್ಟರ್ ಒಬ್ಬನೇ ನಡುವೆ ನಿಂತಿದ್ದ.

"ಕೂಗಿದ್ದು ನಾನು," ಎಂದ. "ಕಲ್ಲು ನಂದು. ನನ್ ಕಾಲಿಂದ ಜಾರಿದ್ದು. ಅವಳು ಹಿಂದೆ ಇದ್ಲು."

ಗುಜುಗುಜು ಎದ್ದಿತು. ಕಿರಿಯವನು ಬಂದವನೇ ಅವನ ಹೊಟ್ಟೆಗೆ ಗುದ್ದಿದ, ಬಗ್ಗಿದವನ ಕತ್ತಿನ ಮೇಲೆ ಇನ್ನೊಂದು ಬಿಟ್ಟ. ಕಂಡಕ್ಟರನ ಮುಖ ಬಂಡೆಗೆ ಬಡಿದು ಹುಬ್ಬು ಒಡೆಯಿತು. ತಾತ ಬಿಡಿಸಿದ. ಹೆಂಡತಿ ಬಾಯಿಯ ಬಟ್ಟೆ ಕಿತ್ತು ಎಸೆದು ಗಂಡನಿಗೆ ಅಡ್ಡ ನಿಂತಳು. ಕೂಗಿದ್ದಕ್ಕೆ ಹೊಡೆದವರು ನೀವು, ಕೂಗಲು ಹೆದರಿದ್ದು ಅವರ ತಪ್ಪೇ ಎಂದು ಅವರೆಲ್ಲರ ಮುಖ ನೋಡಿ ಕೇಳಿದಳು. ತಾತ ಮುರಿದ ಕೈಯನ್ನು ಸವರಿಕೊಂಡ. ಹೆದರಿ ಕಟ್ಟಿದ ಬಾಯಾದರೆ ಅದನ್ನು ತಡವಾದ ಕೂಗು ಎಂದೇ ತಿಳಿಯಬಹುದು, ಇವನ ಕಾಲು ಸಾಕು ಎಂದ.

ಆಗ ಅತ್ತೆ ಮೊದಲ ಸಲ ತಲೆ ಎತ್ತಿದರು.

"ನೀವೇ ಹೇಳಿ ಅಳಿಯಂದ್ರೆ. ಕೆಳಗೆ ಇರೋದು ನನ್ ಮಗ ಅಂತ ನೋಡಿದ್ರಾ?"

ಇಲ್ಲ ಎಂದರೆ ಮುಗಿದಿತ್ತು. ಎರಡಕ್ಷರ. ಚೆಕಿಂಗಿಗೆ ಬಂದವರ ಮುಖಕ್ಕೆ ಹೊಡೆದ ಹಾಗೆ ಸುಳ್ಳು ಹೇಳಿ ಅಭ್ಯಾಸವಿದ್ದ ಬಾಯಿ ಅದು. ಆದರೆ ಹೆಗಲ ಮೇಲೆ ಸತ್ತವನ ಹೊದಿಕೆಯಿತ್ತು. ಹೆಣದ ಬೆರಳ ಸಂದಿಯಲ್ಲಿ ಮೆಟ್ಟಿಲು ಕಟ್ಟಿದ ಹುಡಿ ಇನ್ನೂ ಇತ್ತು. ಹೆಂಡತಿ ಹೇಳಿ ಹೇಳಿ ಎನ್ನುವಂತೆ ಅವನ ತೋಳು ಒತ್ತುತ್ತಿದ್ದಳು.

"ನೋಡ್ದೆ," ಎಂದ ಕಂಡಕ್ಟರ್.

ತೋಳಿನ ಮೇಲಿದ್ದ ಕೈ ನಿಂತಿತು. "ನೋಡಿದ್ರಾ?" ಎಂದಳು ಅವಳು, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

"ನೋಡ್ದೆ. ಕೂಗ್ಬೋದಿತ್ತು. ಬೇಕಂತಲೇ ಕೂಗ್ಲಿಲ್ಲ. ಸಾಯ್ತಾನೆ ಅಂದ್ಕೊಂಡಿರ್ಲಿಲ್ಲ."

ಅವಳು ಅವನ ಹೆಗಲಿನಿಂದ ಹೊದಿಕೆಯನ್ನು ತೆಗೆದಳು. "ಇದು ಅಣ್ಣಂದು," ಎಂದು ಹೇಳಿ ಅದನ್ನು ಒಯ್ದು, ಅರ್ಧ ಮುಖದ ಮೇಲೆ ಹೊದೆಸಿದಳು. ಆಮೇಲೆ ಅಮ್ಮನ ಪಕ್ಕ ಹೋಗಿ ನಿಂತಳು.

ಎಸೆದ ಕಲ್ಲಿಗೆ ಮೂರು ಕಲ್ಲು. ಊರಿನ ಬಲಕ್ಕೆ, ಗೋಡೆ ಮನೆ ಏನೂ ಇಲ್ಲದ ಬೋಳು ಇಳಿಜಾರಿದೆ, ಅದರ ಬುಡದಲ್ಲಿ ಹಳ್ಳ. ತಪ್ಪು ಮಾಡಿದವನು ಊರಿಗೆ ಬೆನ್ನು ಹಾಕಿ ಅದನ್ನು ಇಳಿಯಬೇಕು. ಸತ್ತವನ ಹತ್ತಿರದ ಮೂವರು ಮೇಲಿನಿಂದ ಒಂದೊಂದು ಕಲ್ಲು ಬಿಡುತ್ತಾರೆ. ಕೂಗಿ ಬಿಡುವುದೂ ಕೂಗದೆ ಬಿಡುವುದೂ ಅವರಿಷ್ಟ. ಜೀವ ಹಿಡಿದುಕೊಂಡು ಹಳ್ಳ ದಾಟಿದವನನ್ನು ಯಾರೂ ಹಿಂಬಾಲಿಸುವುದಿಲ್ಲ. ಕಂಡಕ್ಟರನ ಬೂಟು ಬಿಚ್ಚಿಸಿ, ಅವನನ್ನು ಅಂಚಿನಿಂದ ನೂಕಿದರು.

ಬರಿಗಾಲಿನಲ್ಲಿ, ಕೈಕಾಲು ನಾಲ್ಕೂ ಊರಿ, ಅವನು ಜಾರುತ್ತಾ ಏಳುತ್ತಾ ಇಳಿದ. ಅಂಗಾಲು ಹರಿದು ರಕ್ತ ಬಂತು. ಹುಬ್ಬಿನ ರಕ್ತ ಒಂದು ಕಣ್ಣನ್ನು ಮುಚ್ಚಿತ್ತು. ಕಾಲು ಭಾಗ ಇಳಿದಿರಬೇಕು, ಮೇಲೆ ಕಲ್ಲು ಹೊರಳಿದ ಸದ್ದು, ಅದರ ಜೊತೆಗೇ ಒಂದು ಮುದಿ ದನಿ ಒಡೆದು ಬಂತು.

"ಕಲ್ಲೋ... ಕಲ್ಲು..."

ಅತ್ತೆ. ಮಗನನ್ನು ಕಳೆದುಕೊಂಡವಳು ಕೂಗಿದಳು. ಅಭ್ಯಾಸಬಲದಿಂದ ಕೂಗಿದಳೋ ಕರುಣೆಯಿಂದ ಕೂಗಿದಳೋ, ಅದನ್ನು ಕೇಳುವವರು ಯಾರು? ಕಂಡಕ್ಟರ್ ಪಕ್ಕಕ್ಕೆ ಉರುಳಿದ. ಕಲ್ಲು ಅವನ ಕಿವಿಯ ಬಳಿ ಗಾಳಿ ಸೀಳಿಕೊಂಡು ಹೋಯಿತು.

ಎರಡನೆಯದಕ್ಕೆ ಕೂಗಿರಲಿಲ್ಲ. ಅದು ಕಿರಿಯವನದು. ಪುಟಿದು ಬಂದು ಬಲ ಸೊಂಟಕ್ಕೆ ಬಡಿಯಿತು. ಒಳಗೆ ಏನೋ ಒಣ ಕಟ್ಟಿಗೆಯ ಹಾಗೆ ಮುರಿದ ಸದ್ದು ಕಂಡಕ್ಟರನಿಗೇ ಕೇಳಿಸಿತು. ಊಳಿಟ್ಟ. ಆ ಕಾಲು ಇನ್ನು ಅವನ ಮಾತು ಕೇಳಲಿಲ್ಲ. ಮೊಣಕೈ ಊರಿ ತೆವಳಿದ. ಹಳ್ಳದ ನೀರು ಕಾಣುತ್ತಿತ್ತು, ಸದ್ದು ಕೇಳುತ್ತಿತ್ತು. ಒಂದು ಕಾಲಿನಲ್ಲಿ ಪಕ್ಕಕ್ಕೆ ಹೊರಳಲು ಇನ್ನೂ ಸಾಧ್ಯವಿತ್ತು, ಎತ್ತ ಹೊರಳಬೇಕು, ಯಾವಾಗ ಹೊರಳಬೇಕು ಎಂದು ಯಾರಾದರೂ ಹೇಳಿದ್ದರೆ.

ಮೂರನೆಯದು ಯಾರದೆಂದು ಅವನಿಗೆ ಗೊತ್ತಿತ್ತು. ತನಗಾಗಿ ಕಾಲು ಕೊಡಲು ಬಂದವಳು, ಕೂಗುತ್ತಾಳೆ ಎಂದುಕೊಂಡ. ಸಾವಿರ ದನಿಯ ನಡುವೆಯೂ ಅವಳ ದನಿ ತನಗೆ ಸಿಗುತ್ತದೆ ಎಂದು ಕಿವಿ ನೆಟ್ಟು ಮಲಗಿದ. ಕಲ್ಲು ಹೊರಳಿದ ಸದ್ದಾಯಿತು. ತಿರುಗಿ ನೋಡಬಾರದೆಂದಿದ್ದರು. ಅವನು ತಿರುಗಿ ನೋಡಿದ.

ಅಂಚಿನಲ್ಲಿ ಅವಳು ನೆಟ್ಟಗೆ ನಿಂತಿದ್ದಳು. ಕಣ್ಣು ಮುಚ್ಚಿರಲಿಲ್ಲ, ಅವನನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿತ್ತು. ಸಮಯವಿತ್ತು, ಎಷ್ಟಿತ್ತೆಂದು ಅವನಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಮಾರ್ಕೆಟ್ ಹೋಯಿತು. ಪೋಸ್ಟಾಫೀಸು ಹೋಯಿತು. ಅವಳ ತುಟಿ ಅಲುಗಲಿಲ್ಲ.

"ಆಸ್ಪತ್ರೆ ಬಂತು ಕಣ್ರೀ," ಎಂದು ಕಂಡಕ್ಟರ್ ಮೆಲ್ಲಗೆ ಹೇಳಿದ. ಅಷ್ಟರಲ್ಲಿ ಕಲ್ಲು ಬಂತು.